ಶಾಲೆಗೆ ಹೊರಡುವಾಗ ಬರುವ ಹೊಟ್ಟೆನೋವು: ಹದಿಹರೆಯದ ಮಕ್ಕಳ ಆತಂಕಕ್ಕೆ ಮನೆಯವರು ಮಾಡಬೇಕಾದದ್ದು

ಊರು ಬೇರೆ, ಮನೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಮಗಳು ಒಂಬತ್ತನೇ ತರಗತಿ. ಬೆಳಿಗ್ಗೆ ಸಮವಸ್ತ್ರ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಶುರುವಾಗುತ್ತದೆ. ತಿಂಡಿ ಸೇರುವುದಿಲ್ಲ, ಕೆಲವು ದಿನ ವಾಂತಿ. ರಜೆ ಹಾಕಿಸಿದರೆ ಬೆಳಿಗ್ಗೆ ಹತ್ತು ಗಂಟೆ ಹೊಡೆಯುವುದರೊಳಗೆ ಎಲ್ಲ ಸರಿಹೋಗುತ್ತದೆ. ಭಾನುವಾರ ನೋವಿನ ಸುಳಿವೇ ಇಲ್ಲ. ಸಂಜೆಯಾಗುತ್ತಿದ್ದಂತೆ ಮುಖ ಬಾಡುತ್ತದೆ. ಸ್ಕ್ಯಾನಿಂಗ್ ಮಾಡಿಸಿದ್ದಾಯಿತು, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ತಂದೆತಾಯಿ ಕೇಳುವುದು ಇದನ್ನು: ಇವಳು ನಾಟಕ ಮಾಡುತ್ತಿದ್ದಾಳೆಯೇ?

ಇಲ್ಲ. ಆ ನೋವು ನಿಜವಾದ ನೋವು. ಹೆದರಿದಾಗ ದೇಹ ಓಡಲು ಇಲ್ಲವೇ ಎದುರಿಸಲು ಸಜ್ಜಾಗುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ, ಜೀರ್ಣಕ್ರಿಯೆ ಏರುಪೇರಾಗಿ ಹೊಟ್ಟೆ ಹಿಂಡುತ್ತದೆ. ಸ್ಕ್ಯಾನಿಂಗ್‌ನಲ್ಲಿ ಇದು ಕಾಣುವುದಿಲ್ಲ, ಅಷ್ಟೆ.

ಈ ಬರಹ 12ರಿಂದ 18 ವರ್ಷದೊಳಗಿನ ಮಕ್ಕಳ ತಂದೆತಾಯಿಗಳಿಗೆ, ಜೊತೆಗೆ ಪ್ರೌಢಶಾಲೆ ಮತ್ತು ಪಿಯು ಕಾಲೇಜಿನ ಶಿಕ್ಷಕರಿಗೆ. ಇದನ್ನು ಓದಿ ಕಾಯಿಲೆ ಇದೆ ಇಲ್ಲ ಎಂದು ನೀವೇ ತೀರ್ಮಾನಿಸಬೇಡಿ, ಅದು ವೈದ್ಯರ ಕೆಲಸ. ಆದರೆ ವೈದ್ಯರ ಬಳಿ ಹೋಗುವ ಮೊದಲು, ಹೋಗಿ ಬಂದ ಮೇಲೆ, ಮನೆಯಲ್ಲಿ ಆಗಬೇಕಾದ ಕೆಲಸ ಬಹಳಷ್ಟಿದೆ.

ಸಹಜ ಆತಂಕ ಎಲ್ಲಿ ಮುಗಿಯುತ್ತದೆ?

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ವೇದಿಕೆ ಹತ್ತುವಾಗ ಕಾಲು ನಡುಗುವುದು ಕಾಯಿಲೆಯಲ್ಲ. ಒಂದಿಷ್ಟು ಅಳುಕು ಇದ್ದರೇ ಮಕ್ಕಳು ಪುಸ್ತಕ ತೆರೆಯುವುದು. ಮೂರು ಸಂಗತಿಗಳನ್ನು ನೋಡಿ. ಒಂದು, ಅವಧಿ: ಭಯ ವಾರಗಟ್ಟಲೆ, ತಿಂಗಳುಗಟ್ಟಲೆ ನಿಂತಿದೆಯೇ? ಎರಡು, ಪ್ರಮಾಣ: ಹತ್ತು ಅಂಕದ ಕಿರುಪರೀಕ್ಷೆಗೆ ಮೂರು ದಿನ ಊಟ ಬಿಡುವಷ್ಟು ಭಯವೇ? ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಭಯದ ಕಾರಣಕ್ಕೆ ಮಗು ಏನೇನನ್ನು ಬಿಟ್ಟಿದೆ? ಶಾಲೆ, ಗೆಳೆಯರು, ಆಟ, ನೆಂಟರ ಮನೆ, ಬಸ್ ಪ್ರಯಾಣ, ಹೀಗೆ ಬಿಟ್ಟವುಗಳ ಪಟ್ಟಿ ಬೆಳೆಯುತ್ತಿದ್ದರೆ ಸುಮ್ಮನೆ ಕಾಯುವ ಕಾಲ ಮುಗಿಯಿತು ಎಂದರ್ಥ.

ವೈದ್ಯರು ಬಳಸುವ ಕೆಲವು ಹೆಸರುಗಳು ನಿಮಗೆ ತಿಳಿದಿರಲಿ. ಅಂಕ, ಆರೋಗ್ಯ, ಅಪ್ಪನ ಕೆಲಸ, ನಾಳೆಯ ಮಳೆ ಎಂದು ಎಲ್ಲದರ ಬಗ್ಗೆಯೂ ಆರು ತಿಂಗಳಿಗೂ ಮಿಕ್ಕಿ ಚಿಂತೆ ಸುತ್ತುತ್ತಿದ್ದರೆ ಅದು ಸಾಮಾನ್ಯೀಕೃತ ಆತಂಕ. ನಾಲ್ಕು ಜನ ನೋಡುತ್ತಾರೆ, ನಗುತ್ತಾರೆ ಎಂಬ ಭಯ ಬದುಕನ್ನೇ ಕಟ್ಟಿಹಾಕಿದರೆ ಸಾಮಾಜಿಕ ಆತಂಕ. ಇದು ಹೆಚ್ಚಾಗಿ ತಲೆಯೆತ್ತುವುದೇ ಹದಿಹರೆಯದಲ್ಲಿ. ಇದ್ದಕ್ಕಿದ್ದಂತೆ ಎದೆ ಬಿಗಿದು ಸತ್ತೇಹೋಗುತ್ತೇನೆ ಎನಿಸುವ ದಾಳಿಗಳು ಮತ್ತೆ ಮತ್ತೆ ಬಂದು, ಮುಂದಿನದು ಯಾವಾಗಲೋ ಎಂಬ ಹೆದರಿಕೆ ಅಂಟಿಕೊಂಡರೆ ಪ್ಯಾನಿಕ್ ಕಾಯಿಲೆ. ಅಮ್ಮನನ್ನು ಬಿಟ್ಟಿರಲಾಗದ ಅಗಲಿಕೆಯ ಆತಂಕ ಚಿಕ್ಕ ಮಕ್ಕಳದ್ದು ಎಂದುಕೊಳ್ಳುತ್ತೇವೆ, ಆದರೆ ಹಾಸ್ಟೆಲ್ ಸೇರಿದ ಹದಿನಾರರ ಹುಡುಗನಲ್ಲೂ ಅದು ಕಾಣಿಸಿಕೊಳ್ಳಬಹುದು. ಒಂದೇ ಮಗುವಿನಲ್ಲಿ ಎರಡು ಮೂರು ಸೇರಿಕೊಂಡಿರುವುದೂ ಉಂಟು. ಶಾಲೆಗೆ ಹೋಗಲೊಪ್ಪದಿರುವುದು ಮಾತ್ರ ಕಾಯಿಲೆಯ ಹೆಸರಲ್ಲ. ಅದು ಇವುಗಳಲ್ಲಿ ಯಾವುದರ ಹೊರಗುರುತೂ ಆಗಿರಬಹುದು.

ನಿಮ್ಮ ಮನೆಯಲ್ಲಿ ಮಾತ್ರ ಹೀಗೆಂದು ಕುಗ್ಗಬೇಡಿ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇಕಡ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತು. ಹಳ್ಳಿಗಳಲ್ಲಿ ಇದು ಶೇಕಡ 6.9, ಮಹಾನಗರಗಳಲ್ಲಿ 13.5. ಎಲ್ಲ ಮಾನಸಿಕ ಕಾಯಿಲೆಗಳೂ ಸೇರಿದ ಲೆಕ್ಕ ಇದು, ಆತಂಕ ಅದರಲ್ಲಿ ಒಂದು ದೊಡ್ಡ ಪಾಲು.

ಶುರುಮಾಡುವ ಮೊದಲು ಬೇಕಾದದ್ದು

ಒಂದು ನೋಟ್‌ಬುಕ್, ಎರಡು ವಾರದ ತಾಳ್ಮೆ, ಶಾಲೆಯಲ್ಲಿ ಮಗುವಿಗೆ ಒಗ್ಗುವ ಒಬ್ಬ ಶಿಕ್ಷಕರು. ಇವೆಲ್ಲಕ್ಕಿಂತ ಮೊದಲು ಮನೆಯ ಹಿರಿಯರ ನಡುವೆ ಒಮ್ಮತ. ಅಪ್ಪ ಗದರಿಸುವುದು, ಅಮ್ಮ ರಜೆ ಕೊಡಿಸುವುದು, ಅಜ್ಜಿ “ಪಾಪ, ಬಿಡಿ ಅವಳನ್ನು” ಎನ್ನುವುದು, ಮೂರೂ ಒಟ್ಟಿಗೆ ನಡೆಯುವ ಮನೆಯಲ್ಲಿ ಕೆಳಗಿನ ಯಾವ ಹಂತವೂ ಫಲ ಕೊಡುವುದಿಲ್ಲ. ಮಗು ಮಲಗಿದ ಮೇಲೆ ಕುಳಿತು ಮಾತಾಡಿಕೊಳ್ಳಿ. ಬೈಯುವುದು ಬೇಡ, ಬಚ್ಚಿಡುವುದೂ ಬೇಡ ಎಂಬಷ್ಟಕ್ಕೆ ಎಲ್ಲರೂ ಒಪ್ಪಿದರೆ ಸಾಕು.

1. ಎರಡು ವಾರ ಬರೆದಿಡಿ

ಪ್ರತಿದಿನ ಮೂರು ಸಾಲು ಬರೆಯಿರಿ. ಸಮಯ, ದೇಹದಲ್ಲಿ ಕಂಡದ್ದು, ಅದಕ್ಕೆ ಮೊದಲು ಮತ್ತು ಆಮೇಲೆ ನಡೆದದ್ದು. ಮೇಲಿನ ಹುಡುಗಿಯ ತಾಯಿ ಬರೆದಿಟ್ಟರೆ ಹೀಗಿರುತ್ತದೆ:

ಸೋಮವಾರ: 7.40ಕ್ಕೆ ಹೊಟ್ಟೆನೋವು, ಅಂಗೈ ಬೆವರು. ಮೊದಲ ಪಿರಿಯಡ್ ಇಂಗ್ಲಿಷ್. ಹೋಗಲಿಲ್ಲ. 9.30ಕ್ಕೆ ನೋವು ಇಳಿಯಿತು, ಎರಡು ದೋಸೆ ತಿಂದಳು.
ಮಂಗಳವಾರ: ನೋವಿದೆ ಎಂದಳು, ಅತ್ತಿಲ್ಲ. ಇಂಗ್ಲಿಷ್ ಪಿರಿಯಡ್ ಇಲ್ಲ. ಹೋದಳು, ಸಂಜೆ ಲವಲವಿಕೆಯಿಂದ ಬಂದಳು.
ಬುಧವಾರ: ರಾತ್ರಿ ಒಂದು ಗಂಟೆಯವರೆಗೆ ನಿದ್ದೆ ಇಲ್ಲ. ಬೆಳಿಗ್ಗೆ ವಾಂತಿ. ಇಂಗ್ಲಿಷ್ ಇದೆ.

ಮೂರು ದಿನಕ್ಕೇ ಎಳೆ ಸಿಕ್ಕಿತು. ಅವಳು ಹೆದರುತ್ತಿರುವುದು ಶಾಲೆಗಲ್ಲ, ಇಂಗ್ಲಿಷ್ ಪಿರಿಯಡ್‌ನಲ್ಲಿ ಆಗುವ ಯಾವುದೋ ಒಂದಕ್ಕೆ. “ಮಗಳಿಗೆ ಯಾವಾಗಲೂ ಹೊಟ್ಟೆನೋವು” ಎಂದು ವೈದ್ಯರಿಗೆ ಹೇಳುವುದಕ್ಕೂ ಈ ಪುಟ ತೋರಿಸುವುದಕ್ಕೂ ಅಜಗಜಾಂತರವಿದೆ.

ಎಚ್ಚರಿಕೆ: ಇದು ಪತ್ತೇದಾರಿಯಲ್ಲ. ಮಗುವಿನ ಡೈರಿ ಕದ್ದು ಓದುವುದು, ಮೊಬೈಲ್ ತೆಗೆದು ಸಂದೇಶ ನೋಡುವುದು ಬೇಡ. ಒಮ್ಮೆ ಗೊತ್ತಾದರೆ ಮುಂದಿನ ಹಂತದ ಬಾಗಿಲು ಮುಚ್ಚಿತೆಂದೇ ಲೆಕ್ಕ.

2. ದೇಹದ ತಪಾಸಣೆ, ಒಂದೇ ಸಲ

ಮಕ್ಕಳ ವೈದ್ಯರಿಗೋ ಕುಟುಂಬ ವೈದ್ಯರಿಗೋ ತೋರಿಸಿ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವುದು, ರಕ್ತಹೀನತೆ, ಉಬ್ಬಸ, ಉಬ್ಬಸಕ್ಕೆ ಬಳಸುವ ಸಾಲ್ಬುಟಮಾಲ್ ಇನ್‌ಹೇಲರ್, ಅತಿಯಾದ ಕಾಫಿ ಅಥವಾ ಎನರ್ಜಿ ಡ್ರಿಂಕ್, ಇವೆಲ್ಲ ಎದೆಬಡಿತ, ಏದುಸಿರು ಅಥವಾ ನಡುಕ ತರಬಲ್ಲವು. ವೈದ್ಯರು ಏನೂ ಇಲ್ಲ ಎಂದರೆ ಅಲ್ಲಿಗೆ ನಿಲ್ಲಿಸಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಷ್ಟೂ ಒಳಗೆ ಯಾರಿಗೂ ಸಿಗದ ದೊಡ್ಡ ಕಾಯಿಲೆ ಇದೆ ಎಂದು ಮಗು ನಂಬತೊಡಗುತ್ತದೆ.

ಹರಕೆ, ತಾಯತ ನಿಮ್ಮ ಮನೆಯ ನಂಬಿಕೆಯಾಗಿದ್ದು ಮಗುವಿಗೂ ಅದರಿಂದ ಸಮಾಧಾನ ಸಿಗುತ್ತದೆಂದರೆ ಮಾಡಿ. ಆದರೆ ಅದರ ಫಲಕ್ಕೆ ಕಾಯುತ್ತಾ ಚಿಕಿತ್ಸೆಯನ್ನು ಮುಂದೂಡಬೇಡಿ.

3. ಮಾತಿಗೆ ಕೂರಿಸಬೇಡಿ, ಮಾತಿಗೆ ಎಡೆ ಮಾಡಿಕೊಡಿ

ಎದುರು ಕೂರಿಸಿಕೊಂಡು “ಏನು ನಿನ್ನ ಸಮಸ್ಯೆ, ಹೇಳು” ಎಂದರೆ ಯಾವ ಹದಿಹರೆಯದವರೂ ಬಾಯಿ ಬಿಡುವುದಿಲ್ಲ. ಸ್ಕೂಟರಿನಲ್ಲಿ ಹೋಗುವಾಗ, ಬಟ್ಟೆ ಮಡಚುವಾಗ, ಅವರೆಕಾಳು ಸುಲಿಯುವಾಗ, ಕಣ್ಣಿಗೆ ಕಣ್ಣು ಸೇರಿಸಬೇಕಾಗಿಲ್ಲದ ಹೊತ್ತಿನಲ್ಲಿ ಮಾತು ತಾನಾಗಿ ಬರುತ್ತದೆ. ಕಂಡದ್ದನ್ನು ಹೇಳಿ, ತೀರ್ಪು ಕೊಡಬೇಡಿ: “ಇಂಗ್ಲಿಷ್ ಇರುವ ದಿನ ನಿನಗೆ ಹೊಟ್ಟೆನೋವು ಜಾಸ್ತಿ ಆಗುತ್ತದೆ ಅನಿಸಿತು ಪುಟ್ಟಿ. ಆ ಪಿರಿಯಡ್‌ನಲ್ಲಿ ಏನಾಗುತ್ತದೆ?” ಕೇಳಿ ಸುಮ್ಮನಿರಿ. ಮೌನ ತುಂಬಲು ಆತುರಪಡಬೇಡಿ.

ಹೇಳಬಾರದ ಮಾತುಗಳೂ ಇವೆ. “ಇಷ್ಟಕ್ಕೆಲ್ಲ ಯಾರಾದರೂ ಹೆದರುತ್ತಾರೆಯೇ?” “ನಮ್ಮ ಕಾಲದಲ್ಲಿ ಐದು ಮೈಲಿ ನಡೆದು ಹೋಗುತ್ತಿದ್ದೆವು.” “ಪಕ್ಕದ ಮನೆಯವಳನ್ನು ನೋಡಿ ಕಲಿ.” ಗಂಡುಮಕ್ಕಳಿಗೆ ಹೇಳುವ “ಹುಡುಗನಾಗಿ ಅಳುತ್ತೀಯಾ?” ಎಂಬುದಂತೂ ಬಹಳ ಕೆಟ್ಟದ್ದು. ಹುಡುಗರ ಆತಂಕ ಎಷ್ಟೋ ಸಲ ಸಿಟ್ಟಿನ ವೇಷದಲ್ಲಿ ಬರುತ್ತದೆ. ಬಾಗಿಲು ದಬಾರನೆ ಹಾಕಿಕೊಳ್ಳುವವನು ಒಳಗೆ ನಡುಗುತ್ತಿರಬಹುದು.

“ಏನೂ ಆಗುವುದಿಲ್ಲ ಬಿಡು” ಎಂಬ ಪ್ರೀತಿಯ ಮಾತೂ ಪದೇ ಪದೇ ಹೇಳಿದರೆ ತೊಂದರೆಯೇ. ಮಗು ಅದನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿಸಿಕೊಳ್ಳಲು ಬಯಸುತ್ತದೆ, ಇಪ್ಪತ್ತೊಂದನೆಯ ಸಲಕ್ಕೆ ಮತ್ತೆ ಸಂಶಯ ಏಳುತ್ತದೆ. ಅದರ ಬದಲು, “ಕಷ್ಟ ಆಗುತ್ತಿದೆ ಅಂತ ಗೊತ್ತು. ಕಷ್ಟವಾದರೂ ನೀನು ಮಾಡಬಲ್ಲೆ, ನಾನು ಜೊತೆಗಿದ್ದೇನೆ” ಎನ್ನಿ. ಭಯವನ್ನು ಒಪ್ಪಿಕೊಂಡೂ ಮಗುವಿನ ಶಕ್ತಿಯ ಮೇಲೆ ನಂಬಿಕೆ ಇಟ್ಟಂತಾಗುತ್ತದೆ.

4. ಬೇರು ಎಲ್ಲೆಲ್ಲಿದೆ ನೋಡಿ

ವೈದ್ಯಭಾಷೆಯಲ್ಲಿ ‘ಅಪಾಯಕಾರಿ ಅಂಶಗಳು’ ಎನ್ನುತ್ತಾರೆ, ಅಂದರೆ ಕಾಯಿಲೆ ಬರುವ ಸಾಧ್ಯತೆಯನ್ನು ಹೆಚ್ಚಿಸುವ ಸಂಗತಿಗಳು. ಇದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಸಾಮಾನ್ಯವಾಗಿ ಒಂದರಿಂದ ಆಗುವುದಿಲ್ಲ, ನಾಲ್ಕಾರು ಸೇರಿದಾಗ ಆಗುತ್ತದೆ. ಹಾಗಾಗಿ ಯಾರ ತಪ್ಪು ಎಂದು ಹುಡುಕಬೇಡಿ. ಯಾವುದನ್ನು ಈಗ ಬದಲಾಯಿಸಬಹುದು ಎಂದು ಹುಡುಕಿ.

ಬದಲಾಯಿಸಲಾಗದವು ಕೆಲವು. ಹತ್ತಿರದ ರಕ್ತಸಂಬಂಧಿಗಳಲ್ಲಿ ಆತಂಕ ಅಥವಾ ಖಿನ್ನತೆ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು. ಎಳವೆಯಿಂದಲೇ ಹೊಸಬರನ್ನು ಕಂಡರೆ ಸೆರಗಿನ ಹಿಂದೆ ಸರಿಯುತ್ತಿದ್ದ, ಹೊಸದಕ್ಕೆ ಬೇಗ ಹೊಂದಿಕೊಳ್ಳದ ಸ್ವಭಾವದ ಮಕ್ಕಳಿಗೂ ಹೆಚ್ಚು. ಋತುಮತಿಯಾದ ನಂತರದ ವಯಸ್ಸಿನಲ್ಲಿ ಹುಡುಗಿಯರಲ್ಲಿ ಇದು ಹುಡುಗರಿಗಿಂತ ಸುಮಾರು ಎರಡು ಪಟ್ಟು. ಭಾವನೆಗಳನ್ನು ಹುಟ್ಟಿಸುವ ಮಿದುಳಿನ ಭಾಗ ಈ ವಯಸ್ಸಿನಲ್ಲಿ ಚುರುಕಾಗಿರುತ್ತದೆ, ಅದಕ್ಕೆ ಲಗಾಮು ಹಾಕುವ ಮುಂಭಾಗ ಬಲಿಯುವುದು ಇಪ್ಪತ್ತು ದಾಟಿದ ಮೇಲೆ.

ಮನೆಯೊಳಗೆ ನೋಡಿ. ತಂದೆತಾಯಿಯ ಜಗಳ, ಕುಡಿತ, ಸಾಲ, ಸಾವು, ದೀರ್ಘ ಕಾಯಿಲೆ ಎಲ್ಲವನ್ನೂ ಮಕ್ಕಳು ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತಾರೆ. ಇವಕ್ಕಿಂತ ನಯವಾದದ್ದು ಅತಿ ಕಾಳಜಿ. ಹದಿನೈದರ ಹುಡುಗನ ಚೀಲವನ್ನು ಅಮ್ಮನೇ ಜೋಡಿಸುತ್ತಾರೆ, ಬಸ್ ಹತ್ತಲು ಬಿಡುವುದಿಲ್ಲ, ಅಂಗಡಿಯಲ್ಲಿ ಮಗುವಿನ ಪರವಾಗಿ ತಾವೇ ಮಾತಾಡುತ್ತಾರೆ. ‘ಲೋಕ ಅಪಾಯದ ಜಾಗ, ನಿನ್ನಿಂದ ಆಗುವುದಿಲ್ಲ’ ಎಂಬ ಪಾಠ ಮಾತಿಲ್ಲದೆ ಕಲಿಸಿದಂತಾಗುತ್ತದೆ. ನಿಮಗೇ ಆತಂಕದ ತೊಂದರೆ ಇದ್ದರೆ ನೀವೂ ಚಿಕಿತ್ಸೆ ಪಡೆಯಿರಿ. ಮಗುವಿಗೆ ಮಾಡಬಹುದಾದ ದೊಡ್ಡ ಉಪಕಾರಗಳಲ್ಲಿ ಅದೊಂದು.

ಶಾಲೆಯಲ್ಲಿ ನೋಡಬೇಕಾದದ್ದು ಇನ್ನೂ ಹೆಚ್ಚು. ನಮ್ಮ ರಾಜ್ಯದಲ್ಲಿ ಸಾಕಷ್ಟು ಗಮನ ಸಿಗದ ಒಂದು ಸಂಗತಿ ಮಾಧ್ಯಮ ಬದಲಾವಣೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ತರಗತಿಗೆ ಮೊದಲು ಬರುತ್ತಿದ್ದ ಮಗು ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ವಾರವೇ ಮೂಕವಾಗುತ್ತದೆ. ದ್ಯುತಿಸಂಶ್ಲೇಷಣೆ ಎಂದು ಬರೆದರೆ ಗೊತ್ತು, ಇಂಗ್ಲಿಷಿನಲ್ಲಿ ಕೇಳಿದರೆ ತಿಳಿಯುವುದಿಲ್ಲ. ಬುದ್ಧಿ ಅದೇ, ಭಾಷೆ ಮಾತ್ರ ಕೈಕೊಟ್ಟಿದೆ, ಆದರೆ ಮಗು ತಾನೇ ದಡ್ಡನಾದೆ ಎಂದುಕೊಳ್ಳುತ್ತದೆ. ಎಂಟು ಒಂಬತ್ತನೇ ತರಗತಿಯಲ್ಲಿ ಹಳ್ಳಿಯ ಶಾಲೆಯಿಂದ ಪಟ್ಟಣದ ಇಂಗ್ಲಿಷ್ ಶಾಲೆಗೆ ಬಂದವರದ್ದೂ ಇದೇ ಪಾಡು. ಹೀಗೆ ಬದಲಾದ ಮಕ್ಕಳಿಗೆ ಮೊದಲ ಆರು ತಿಂಗಳು ಅಂಕ ಕೇಳಬೇಡಿ. ಪ್ರತಿ ಪಾಠದ ಪದಗಳನ್ನು ಎರಡು ಭಾಷೆಯಲ್ಲೂ ಬರೆದ ಪಟ್ಟಿ ಮಾಡಿಕೊಡಿ.

ಇನ್ನು ಕಾಟ. ಬಣ್ಣ, ದಪ್ಪ, ಉಚ್ಚಾರಣೆ, ಜಾತಿ, ಅಪ್ಪನ ಕಸುಬು, ಸಮವಸ್ತ್ರದ ಮೇಲಿನ ಕಲೆ, ಹಂಗಿಸಲು ಏನಾದರೂ ಸಾಕು. ಮೊಬೈಲ್ ಬಂದ ಮೇಲೆ ಈ ಕಾಟ ಮನೆಯವರೆಗೂ ಹಿಂಬಾಲಿಸುತ್ತದೆ. ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸಂದೇಶಗಳನ್ನು ಅಳಿಸಬೇಡಿ. ಕಾಟ ಶಿಕ್ಷಕರದ್ದೇ ಆಗಿರಲೂಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎಲ್ಲರ ಮುಂದೆ ಅಂಕ ಓದಿ ಅವಮಾನಿಸುವುದು ಶಿಸ್ತು ಕಲಿಸುವ ದಾರಿಯಲ್ಲ.

ಕಡೆಗಣಿಸುವ ಇನ್ನೊಂದು ಸಂಗತಿ ಶೌಚಾಲಯ. ಬಾಗಿಲಿನ ಚಿಲಕ ಸರಿಯಿಲ್ಲದ, ನೀರಿಲ್ಲದ ಶಾಲೆಯಲ್ಲಿ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ತಲೆನೋವು, ಸುಸ್ತು, ಮುಟ್ಟಿನ ದಿನಗಳ ಭಯ ಎಲ್ಲ ಸೇರಿ ಶಾಲೆಯೆಂದರೆ ದಿಗಿಲಾಗುತ್ತದೆ. ಇದಕ್ಕೆ ಮದ್ದು ಮನೋವೈದ್ಯರಲ್ಲಿಲ್ಲ, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿದೆ. ಎದ್ದು ನಿಂತು ಕೇಳಿ.

ಎಷ್ಟು ಓದಿದರೂ ಅಕ್ಷರ ಹಿಂದುಮುಂದಾಗುವ, ಬರೆಯಲು ವಿಪರೀತ ತಡವಾಗುವ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. ಅದು ಪತ್ತೆಯಾಗದೆ ವರ್ಷಗಟ್ಟಲೆ ಬೈಗುಳ ತಿಂದರೆ ಆತಂಕ ಹುಟ್ಟದೆ ಇರುತ್ತದೆಯೇ? ಪರೀಕ್ಷಿಸಿ ಪ್ರಮಾಣಪತ್ರ ಪಡೆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿಗೆ ಅವಕಾಶವಿದೆ.

ನಿದ್ದೆಯನ್ನೂ ಲೆಕ್ಕ ಹಾಕಿ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಐದೂವರೆಗೆ ಟ್ಯೂಷನ್, ರಾತ್ರಿ ಹನ್ನೊಂದಕ್ಕೆ ಹೋಂವರ್ಕ್, ಆಮೇಲೆ ಒಂದು ಗಂಟೆ ಮೊಬೈಲ್ ಆದರೆ ಕೈಗೆ ಉಳಿಯುವುದು ಐದೇ ಗಂಟೆ. ಬೇರೇನನ್ನೂ ಬದಲಿಸಲಾಗದಿದ್ದರೂ ಮನೆಯವರೆಲ್ಲರ ಮೊಬೈಲುಗಳೂ ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಚಾರ್ಜಿಗೆ ಬೀಳುವ ನಿಯಮ ಮಾಡಿ. ನಿಮ್ಮದೂ ಅಲ್ಲಿರಬೇಕು.

ಎಚ್ಚರಿಕೆ: ಯಾರಾದರೂ ಮೈಮುಟ್ಟಿ ಕಾಡುತ್ತಿರುವುದನ್ನು ಮಗು ಹೇಳಿದರೆ ನಂಬಿ. ‘ಮನೆಯ ಮಾನ’ ಎಂದು ಮುಚ್ಚಿಡಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯಿದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಲಭ್ಯ. ಇಂಥ ಸಂದರ್ಭದಲ್ಲಿ ಮುಂದಿನ ಹಂತಗಳ ‘ಭಯ ಎದುರಿಸುವ’ ಅಭ್ಯಾಸ ಸಲ್ಲದು. ಅಪಾಯ ನಿಜವಾಗಿದ್ದಾಗ ನಿಲ್ಲಿಸಬೇಕಾದದ್ದು ಅಪಾಯವನ್ನು. ಸಹಪಾಠಿಗಳ ಕಾಟಕ್ಕೂ ಇದೇ ಮಾತು: ಮೊದಲು ಕಾಟ ನಿಲ್ಲಲಿ.

5. ಶಾಲೆಯವರನ್ನು ಜೊತೆಗೆ ತೆಗೆದುಕೊಳ್ಳಿ

ದೂರು ಹೊತ್ತುಕೊಂಡು ಹೋಗಬೇಡಿ, ನೋಟ್‌ಬುಕ್ ಹಿಡಿದುಕೊಂಡು ಹೋಗಿ. ಪೋಷಕರ ಸಭೆಯ ಗದ್ದಲದಲ್ಲಿ ಬೇಡ, ತರಗತಿ ಶಿಕ್ಷಕರ ಬಳಿ ಹದಿನೈದು ನಿಮಿಷ ಬೇರೆಯಾಗಿ ಕೇಳಿಕೊಳ್ಳಿ. ಏನು ಹೇಳುತ್ತೀರಿ ಎಂದು ಮಗುವಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಕೇಳಬೇಕಾದದ್ದು ಮೂರೇ: ಇವಳನ್ನು ಹಠಾತ್ತನೆ ಎಬ್ಬಿಸಿ ಓದಿಸುವುದನ್ನು ಸ್ವಲ್ಪ ದಿನ ತಡೆಯಿರಿ, ಉಸಿರು ಕಟ್ಟಿದಂತಾದರೆ ಐದು ನಿಮಿಷ ಹೊರಗೆ ನಿಂತು ಬರಲು ಬಿಡಿ, ಮನೆಗೆ ಮಾತ್ರ ಕಳುಹಿಸಬೇಡಿ.

ಶಿಕ್ಷಕರಿಗೆ ಒಂದು ಮಾತು. ಆತಂಕದ ಮಕ್ಕಳಲ್ಲಿ ಎಷ್ಟೋ ಮಂದಿ ನಿಮ್ಮ ಕಣ್ಣಿಗೆ ‘ಒಳ್ಳೆಯ’ ಮಕ್ಕಳು. ಗಲಾಟೆ ಇಲ್ಲ, ಎದುರುತ್ತರ ಇಲ್ಲ, ಅಕ್ಷರ ಮುತ್ತಿನಂತೆ. ಒಂದೇ ಉತ್ತರವನ್ನು ನಾಲ್ಕು ಸಲ ಅಳಿಸಿ ಬರೆದು ಕಾಗದ ಹರಿದುಕೊಂಡಿರುವ ಪುಟ, ಹಾಜರಿ ಪುಸ್ತಕದಲ್ಲಿ ಸೋಮವಾರದ ಸಾಲು ಸಾಲು ಗೈರು, ಇವುಗಳನ್ನು ಮೊದಲು ಕಾಣಬಲ್ಲವರು ನೀವೇ.

6. ಮೆಟ್ಟಿಲು ಕಟ್ಟಿ

ಚಿಕಿತ್ಸೆಯ ಹೃದಯ ಇದು. ಹೆದರಿಕೆಯಿಂದ ತಪ್ಪಿಸಿಕೊಂಡ ಕೂಡಲೇ ಹಾಯೆನಿಸುತ್ತದೆ. ಆ ಹಾಯೆನಿಸುವುದೇ ‘ತಪ್ಪಿಸಿಕೊಂಡದ್ದರಿಂದ ಬದುಕಿದೆ’ ಎಂದು ಮಿದುಳಿಗೆ ಕಲಿಸುತ್ತದೆ, ಮರುದಿನ ಹೆದರಿಕೆ ಇನ್ನಷ್ಟು ದೊಡ್ಡದಾಗಿ ಬರುತ್ತದೆ. ರಜೆ ಕೊಟ್ಟಷ್ಟೂ ಹೊಟ್ಟೆನೋವು ಹೆಚ್ಚುವುದು ಇದಕ್ಕೇ. ಎಳೆದುಕೊಂಡು ಹೋಗಿ ಒಮ್ಮೆಲೇ ನೀರಿಗೆ ತಳ್ಳುವುದೂ ಸರಿಯಲ್ಲ. ಹೆದರಿಕೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಸುಲಭದ್ದರಿಂದ ಕಷ್ಟದ್ದರ ಕಡೆಗೆ ಒಂದೊಂದಾಗಿ ಎದುರಿಸಬೇಕು.

ನಮ್ಮ ಹುಡುಗಿಯ ವಿಷಯಕ್ಕೆ ಬರೋಣ. ಏಳನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿದ್ದಳು. ಹೊಸ ಶಾಲೆಯಲ್ಲಿ ಒಮ್ಮೆ ಎದ್ದು ಇಂಗ್ಲಿಷ್ ಓದುವಾಗ ತಪ್ಪಿದಳು, ತರಗತಿ ನಕ್ಕಿತು. ಅವಳೊಂದಿಗೆ ಕುಳಿತು ಮೆಟ್ಟಿಲುಗಳನ್ನು ಬರೆಯಿರಿ, ಪ್ರತಿಯೊಂದಕ್ಕೂ ಎಷ್ಟು ಭಯ ಎಂದು ಸೊನ್ನೆಯಿಂದ ಹತ್ತರವರೆಗೆ ಅವಳೇ ಅಂಕ ಕೊಡಲಿ.

ಕೋಣೆಯಲ್ಲಿ ಒಬ್ಬಳೇ ಒಂದು ಪ್ಯಾರಾ ಗಟ್ಟಿಯಾಗಿ ಓದುವುದು: 2.
ಅಮ್ಮನ ಎದುರು ಓದುವುದು: 3.
ಓದಿದ್ದನ್ನು ಮೊಬೈಲ್‌ನಲ್ಲಿ ಮುದ್ರಿಸಿ ಕೇಳುವುದು: 4.
ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಶಿಕ್ಷಕಿಯ ಮುಂದೆ ಓದುವುದು: 6.
ಅಲ್ಲೇ ಇಬ್ಬರು ಗೆಳತಿಯರೂ ಇರುವಾಗ ಓದುವುದು: 7.
ತರಗತಿಯಲ್ಲಿ, ಮೊದಲೇ ತಿಳಿಸಿ, ಕೂತಲ್ಲೇ ಎರಡು ಸಾಲು: 8.
ಎದ್ದು ನಿಂತು ಒಂದು ಪ್ಯಾರಾ: 9.
ಮುನ್ಸೂಚನೆ ಇಲ್ಲದೆ ಕರೆದಾಗ ಓದುವುದು: 10.

ಒಂದು ಮೆಟ್ಟಿಲಲ್ಲಿ ಭಯ ಅರ್ಧಕ್ಕೆ ಇಳಿಯುವವರೆಗೆ ನಿಲ್ಲಬೇಕು, ಅದನ್ನೇ ನಾಲ್ಕೈದು ದಿನ ಮಾಡಬೇಕು, ಬೇಜಾರಾಗುವಷ್ಟು ಸುಲಭವಾದ ಮೇಲೆ ಮುಂದಿನದು. ಮೊದಲ ಸಲ ಭಯ ಏರುತ್ತದೆ, ಏರಿದ್ದು ತಾನಾಗಿ ಇಳಿಯುತ್ತದೆ. ಆ ಇಳಿತವನ್ನು ಮಗು ಸ್ವತಃ ಅನುಭವಿಸಬೇಕು. ಹೊಗಳುವಾಗ ಚೆನ್ನಾಗಿ ಓದಿದ್ದಕ್ಕೆ ಹೊಗಳಬೇಡಿ, ಹೆದರಿಕೆಯಿದ್ದೂ ಓದಿದ್ದಕ್ಕೆ ಹೊಗಳಿ. ತಪ್ಪು ಓದಿದರೂ ಅವತ್ತಿನ ಮೆಟ್ಟಿಲು ಹತ್ತಿದಂತೆಯೇ ಲೆಕ್ಕ.

ವಾರಗಟ್ಟಲೆ ಶಾಲೆಗೇ ಹೋಗದ ಮಗುವಿಗೆ ಮೆಟ್ಟಿಲು ಇನ್ನೂ ಕೆಳಗಿನಿಂದ ಶುರುವಾಗುತ್ತದೆ: ಸಮವಸ್ತ್ರ ಹಾಕಿ ಗೇಟಿನವರೆಗೆ ಹೋಗಿಬರುವುದು, ಗ್ರಂಥಾಲಯದಲ್ಲಿ ಒಂದು ಪಿರಿಯಡ್ ಕೂರುವುದು, ಮಧ್ಯಾಹ್ನದವರೆಗೆ ಇರುವುದು. ಅಲ್ಲಿಯವರೆಗೆ ಶಾಲೆಯ ಹೊತ್ತಿನಲ್ಲಿ ಮನೆ ಮೋಜಿನ ತಾಣವಾಗದಿರಲಿ. ಟಿವಿ, ಮೊಬೈಲ್ ಇಲ್ಲ, ಪುಸ್ತಕ ಇದೆ. ಇದನ್ನು ಶಿಕ್ಷೆಯ ದನಿಯಲ್ಲಿ ಹೇಳಬೇಡಿ.

ಹೆಚ್ಚಿನವರು ಎಡವುವುದು ಎರಡು ಕಡೆ. ಮೂರು ಮೆಟ್ಟಿಲು ಸಲೀಸಾಗಿ ಹತ್ತಿದಳೆಂದು ನಾಲ್ಕನ್ನು ಹಾರಿಸಿ ಎಂಟಕ್ಕೆ ಹೋಗುವುದು. ಇಲ್ಲವೇ ಒಂದು ಕೆಟ್ಟ ಬೆಳಗಿಗೆ ಕರಗಿ “ಇವತ್ತೊಂದು ದಿನ ಬೇಡ” ಎನ್ನುವುದು. ತೀರ ಕಷ್ಟವಾದ ದಿನ ಒಂದು ಮೆಟ್ಟಿಲು ಕೆಳಗಿಳಿಯಿರಿ, ನೆಲಕ್ಕೆ ಇಳಿಯಬೇಡಿ.

7. ದಾಳಿ ಬಂದ ಗಳಿಗೆಯಲ್ಲಿ

ಪ್ಯಾನಿಕ್ ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಸುತ್ತ ಗುಂಪು ಸೇರಲು ಬಿಡಬೇಡಿ. ನೀವು ನಿಧಾನವಾಗಿ, ತಗ್ಗಿದ ದನಿಯಲ್ಲಿ ಮಾತಾಡಿ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರೆಳೆದು, ಬಾಯಿಯಿಂದ ಆರು ಎಣಿಸುವವರೆಗೆ, ಬಿಸಿ ಕಾಫಿಗೆ ಊದುವಂತೆ ಬಿಡಲು ಹೇಳಿ. ಜೊತೆಗೆ ನೀವೂ ಮಾಡಿ. ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ. ಮುಖಕ್ಕೆ ಪ್ಲಾಸ್ಟಿಕ್ ಅಥವಾ ಕಾಗದದ ಚೀಲ ಹಿಡಿಸಬೇಡಿ, ಅದು ಅಪಾಯ. ಮೊದಲ ಸಲ ಹೀಗಾದಾಗ, ಪ್ರಜ್ಞೆ ತಪ್ಪಿದರೆ, ಆಟವಾಡುವಾಗಲೇ ಎದೆನೋವು ಬಂದರೆ ಆತಂಕವೇ ಇರಬೇಕೆಂದು ಊಹಿಸದೆ ವೈದ್ಯರಿಗೆ ತೋರಿಸಿ.

ಈ ಉಸಿರಿನ ಅಭ್ಯಾಸವನ್ನು ಭಯವಿಲ್ಲದ ಸಂಜೆಗಳಲ್ಲಿ ದಿನಕ್ಕೆ ಐದು ನಿಮಿಷ ಮಾಡಿಸಿ. ಈಜು ಕಲಿಯುವುದು ಪ್ರವಾಹ ಬಂದ ಮೇಲಲ್ಲ.

8. ಯಾರ ಬಳಿ ಹೋಗಬೇಕು?

ಮೇಲಿನದ್ದೆಲ್ಲ ಮಾಡಿ ನಾಲ್ಕರಿಂದ ಆರು ವಾರದಲ್ಲಿ ಬದಲಾವಣೆ ಕಾಣದಿದ್ದರೆ, ಅಥವಾ ಮಗು ಈಗಾಗಲೇ ಶಾಲೆ ಬಿಟ್ಟಿದ್ದರೆ, ತಜ್ಞರನ್ನು ಕಾಣಿ. ಮನೋವೈದ್ಯರು ಎಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ನಡೆಸುವವರು, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ಆಪ್ತಸಮಾಲೋಚಕರು ಆರಂಭದ ನೆರವಿಗೆ ಸರಿ. ‘ಏಳು ದಿನದಲ್ಲಿ ಭಯ ಮಾಯ’ ಎನ್ನುವವರ ಬಾಗಿಲು ತಟ್ಟಬೇಡಿ.

ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆ ದಿನದ 24 ಗಂಟೆಯೂ ಕನ್ನಡದಲ್ಲೇ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿರುತ್ತದೆ. ದೇಶಕ್ಕೆ ಈ ಕಾರ್ಯಕ್ರಮದ ಮಾದರಿ ಸಿಕ್ಕಿದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ‘ಮನೋಚೈತನ್ಯ’ ಕ್ಲಿನಿಕ್ ಯಾವ ದಿನ ಎಂದು, ಹದಿಹರೆಯದವರ ‘ಸ್ನೇಹ ಕ್ಲಿನಿಕ್’ ಎಲ್ಲಿದೆ ಎಂದು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.

ಮೊದಲ ಆಯ್ಕೆ ಸಾಮಾನ್ಯವಾಗಿ ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆ ಎರಡನ್ನೂ ತಿದ್ದುವ ಮಾತಿನ ಚಿಕಿತ್ಸೆ. ಆರನೇ ಹಂತದ ಮೆಟ್ಟಿಲು ಅದರದ್ದೇ ಭಾಗ. ತೊಂದರೆ ತೀವ್ರವಾಗಿದ್ದರೆ ಜೊತೆಗೆ ಮಾತ್ರೆ ಬೇಕಾಗಬಹುದು. ಅಮೆರಿಕದಲ್ಲಿ 7ರಿಂದ 17 ವರ್ಷದ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12 ವಾರಗಳ ನಂತರ ಚೆನ್ನಾಗಿ ಸುಧಾರಿಸಿದವರು ಹೀಗಿದ್ದರು: ಸಿಬಿಟಿ ಮತ್ತು ಸರ್ಟ್ರಲೀನ್ ಮಾತ್ರೆ ಎರಡನ್ನೂ ಪಡೆದವರಲ್ಲಿ ಶೇಕಡ 81, ಸಿಬಿಟಿ ಮಾತ್ರ ಪಡೆದವರಲ್ಲಿ 60, ಮಾತ್ರೆ ಮಾತ್ರ ಪಡೆದವರಲ್ಲಿ 55, ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ 24. ವಾಸಿಯಾಗದ ಕಾಯಿಲೆ ಎಂದು ಕೈಚೆಲ್ಲಿದವರಿಗೆ ನಾನು ಈ ಅಂಕಿಗಳನ್ನೇ ತೋರಿಸುತ್ತೇನೆ.

ಸರ್ಟ್ರಲೀನ್, ಫ್ಲುಆಕ್ಸಿಟಿನ್‌ನಂಥ ಮಾತ್ರೆಗಳಿಗೆ ಚಟ ಹತ್ತುವುದಿಲ್ಲ, ಆದರೆ ಫಲ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಿದರೆ, ಸಾಯುವ ಮಾತು ಬಂದರೆ ಕೂಡಲೇ ವೈದ್ಯರಿಗೆ ತಿಳಿಸಿ. ಸ್ವಲ್ಪ ಹಗುರಾದ ಕೂಡಲೇ ನೀವಾಗಿ ನಿಲ್ಲಿಸಬೇಡಿ. ಅಂಗಡಿಯಿಂದ ಆಲ್‌ಪ್ರಜೋಲಾಮ್ ಎಂಬ ಮಂಪರು ತರುವ ಮಾತ್ರೆ ತಂದು ನುಂಗಿಸುವುದು ಬೇಡವೇ ಬೇಡ, ಅದು ಚಟ ಹತ್ತಿಸುತ್ತದೆ. ಪರೀಕ್ಷೆಯ ದಿನದ ನಡುಕಕ್ಕೆಂದು ಯಾರೋ ಹೇಳಿದ, ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಉಬ್ಬಸವಿರುವ ಮಗುವಿನ ಪ್ರಾಣಕ್ಕೇ ಕುತ್ತಾಗಬಹುದು.

ಒಂದು ದಿನವೂ ಕಾಯಬಾರದ ಗುರುತುಗಳು

“ನಾನು ಇರಬಾರದಿತ್ತು” ಎಂಬ ಮಾತು, ಮೈಮೇಲೆ ಗಾಯ ಮಾಡಿಕೊಂಡ ಗುರುತು, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, ಊಟ ನಿದ್ದೆ ಪೂರ್ತಿ ಬಿಡುವುದು ಕಂಡರೆ ಮಗುವನ್ನು ಒಬ್ಬಂಟಿಯಾಗಿ ಬಿಡಬೇಡಿ. “ಸಾಯಬೇಕು ಅನಿಸುತ್ತಿದೆಯಾ ಕಂದಾ?” ಎಂದು ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಔಷಧಿ, ಕೀಟನಾಶಕಗಳನ್ನು ಬೀಗದೊಳಗಿಡಿ. ಅಂದೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ, ದಾರಿ ತೋಚದಿದ್ದರೆ 14416 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶದ ದಿನ ಮನೆಯಲ್ಲಿ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಒಂದು ಪರೀಕ್ಷೆ ಕೈಕೊಟ್ಟರೆ ಅದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶವಿದೆ. ಇದನ್ನು ಫಲಿತಾಂಶ ಬಂದ ಮೇಲೆ ಸಮಾಧಾನಕ್ಕೆ ಹೇಳಬೇಡಿ, ಡಿಸೆಂಬರ್‌ನಲ್ಲೇ ಹೇಳಿಡಿ.

9. ರಜೆಯ ನಂತರದ ಸೋಮವಾರಕ್ಕೆ ಸಿದ್ಧರಾಗಿ

ಚೇತರಿಸಿಕೊಂಡ ಮಗುವಿನಲ್ಲೂ ಹೊಟ್ಟೆನೋವು ಮರಳುವ ಕಾಲ ಬಹುಮಟ್ಟಿಗೆ ಗೊತ್ತಿರುವಂಥದ್ದು: ಬೇಸಿಗೆ ರಜೆ ಮುಗಿದ ಜೂನ್, ದಸರೆಯ ನಂತರದ ವಾರ, ಜ್ವರ ಬಂದು ನಾಲ್ಕು ದಿನ ಮನೆಯಲ್ಲಿದ್ದ ಮೇಲೆ, ಶಾಲೆ ಬದಲಿಸಿದಾಗ. ಅದನ್ನು ಕಂಡು ಪಟ್ಟ ಪಾಡೆಲ್ಲ ವ್ಯರ್ಥ ಎಂದು ಮಗುವಿನ ಮುಂದೆ ನಿಟ್ಟುಸಿರು ಬಿಡಬೇಡಿ. ರಜೆ ಮುಗಿಯುವ ಹತ್ತು ದಿನ ಮೊದಲೇ ಏಳುವ ಸಮಯವನ್ನು ಶಾಲೆಯ ದಿನಗಳಿಗೆ ಹೊಂದಿಸಿ. ಒಂದು ಸಂಜೆ ಶಾಲೆಯ ಬೀದಿಯಲ್ಲಿ ನಡೆದುಬನ್ನಿ, ಗೆಳತಿಯನ್ನು ಮನೆಗೆ ಕರೆಯಿರಿ. ಹಳೆಯ ನೋಟ್‌ಬುಕ್ ತೆಗೆದು, ಹತ್ತಿ ಮುಗಿಸಿದ ಮೆಟ್ಟಿಲುಗಳನ್ನು ಅವಳೇ ಓದಲಿ. ಯಾವ ಮೆಟ್ಟಿಲಿನಿಂದ ಮತ್ತೆ ಶುರುಮಾಡಬೇಕೆಂದು ಈ ಸಲ ಅವಳೇ ಬೆರಳಿಟ್ಟು ತೋರಿಸಲಿ.